ಟ್ಯಾಕ್ ಮಾಡುವಾಗ ಜಿಬ್ ಕಂಬಕ್ಕೆ ಸಿಕ್ಕಿಕೊಳ್ಳುತ್ತದೆ, ಕತ್ತರಿಸಿ ಚಿಕ್ಕದು ಮಾಡಬಹುದಾ?

ಒಂಟಿಹುಟ್ಟು:
ನನ್ನದು 3.6 ಮೀಟರ್ ಉದ್ದದ ಹಳೇ ಡಿಂಗಿ, ಅಂದರೆ ಚಿಕ್ಕ ಹಾಯಿದೋಣಿ. ಒಂದು ಮೇನ್ ಹಾಯಿ, ಕಂಬದ ಮುಂದೆ ಜಿಬ್ ಅನ್ನುವ ಇನ್ನೊಂದು ಹಾಯಿ. ಜಿಬ್ ಯಾವುದೋ ದೊಡ್ಡ ದೋಣಿಯದ್ದು ಅನ್ನಿಸುತ್ತದೆ. ಬಿಗಿಯಾಗಿ ಎಳೆದಾಗ ಅದರ ಹಿಂದಿನ ಮೂಲೆ ಕಂಬ ದಾಟಿ ಸುಮಾರು 45 ಸೆಂಟಿಮೀಟರ್ ಹಿಂದಕ್ಕೆ ಬರುತ್ತದೆ. ಟ್ಯಾಕ್ ಮಾಡುವಾಗ, ಅಂದರೆ ದೋಣಿಯ ಮೂತಿಯನ್ನು ಗಾಳಿ ದಾಟಿಸಿ ಆಚೆ ಕಡೆಗೆ ತಿರುಗಿಸುವಾಗ, ಇಬ್ಬರಿದ್ದರೆ ತೊಂದರೆ ಇಲ್ಲ, ಒಬ್ಬರು ಕೈಯಲ್ಲೇ ಆಚೆ ದಾಟಿಸುತ್ತಾರೆ. ಈಗ ನಾನು ಹೆಚ್ಚಾಗಿ ಒಬ್ಬನೇ ಹೋಗುತ್ತೇನೆ. ಮೂತಿ ಗಾಳಿಗೆ ನೇರ ಬರುವಷ್ಟರಲ್ಲಿ ಜಿಬ್ ಕಂಬಕ್ಕೆ ಅಂಟಿಕೊಂಡು, ಅದನ್ನು ಎಳೆಯುವ ಹಗ್ಗದ ಗಂಟು ಕಂಬದ ಮೇಲಿನ ಕ್ಲೀಟಿಗೆ (ಹಗ್ಗ ಕಟ್ಟುವ ಕೊಕ್ಕೆ) ಸಿಕ್ಕಿ, ದೋಣಿ ಅಲ್ಲೇ ನಿಂತು ಹಿಂದಕ್ಕೆ ಜಾರಲು ಶುರು ಮಾಡುತ್ತದೆ. ಕಳೆದ ವಾರ ಹೀಗೆ ಮೂರು ಸಲ ಆಗಿ ಕಲ್ಲಿನ ದಡದ ಹತ್ತಿರ ಹೋಗಿಬಿಟ್ಟಿದ್ದೆ, ನಿಜಕ್ಕೂ ಹೆದರಿದೆ. ಜಿಬ್‌ನ ಹಿಂದಿನ ಅಂಚನ್ನು ಕತ್ತರಿಸಿ ಕಂಬದ ಮುಂದೆಯೇ ಮುಗಿಯುವ ಹಾಗೆ ಮಾಡಿದರೆ ಸರಿಹೋಗುತ್ತಾ? ಹೊಲಿಗೆ ಮೆಷಿನ್ ಇದೆ, ಜಿಗ್‌ಜಾಗ್ ಬರುತ್ತದೆ.

ಗಾಳಿಗುರುತು:
ಕತ್ತರಿ ಆಮೇಲೆ. ಮೊದಲು ಆ ಗಂಟು ನೋಡಿ. ಎರಡು ಹಗ್ಗಕ್ಕೆ ಎರಡು ಬೋಲೈನ್ ಗಂಟು ಹಾಕಿದ್ದೀರಿ ಅಲ್ವಾ? ಅದರ ಬದಲು ಒಂದೇ ಉದ್ದ ಹಗ್ಗ ತಗೊಂಡು ಮಧ್ಯಕ್ಕೆ ಮಡಚಿ, ಆ ಮಡಿಕೆಯನ್ನು ಮೂಲೆಯ ಉಂಗುರದಲ್ಲಿ ತೂರಿಸಿ, ಎರಡು ತುದಿಯನ್ನೂ ಆ ಮಡಿಕೆಯೊಳಗೆ ಎಳೆದು ಬಿಗಿ ಮಾಡಿ. ಸಿಕ್ಕಿಕೊಳ್ಳುವ ಉಬ್ಬು ತುಂಬ ಸಣ್ಣದಾಗುತ್ತದೆ. ಕಂಬದ ಆ ಕ್ಲೀಟಿನ ಮೂಲೆಗಳಿಗೂ ಟೇಪ್ ಸುತ್ತಿ.

ಇನ್ನೊಂದು, ಚುಕ್ಕಾಣಿಯನ್ನು ಒಮ್ಮೆಲೇ ತಳ್ಳಬೇಡಿ. ಪೂರ್ತಿ ಅಡ್ಡ ತಿರುಗಿದ ಚುಕ್ಕಾಣಿ ಬ್ರೇಕಿನ ಥರ ಕೆಲಸ ಮಾಡುತ್ತದೆ, ಚಿಕ್ಕ ಹಗುರ ದೋಣಿಗೆ ಉಳಿದ ವೇಗವೂ ಹೋಗುತ್ತದೆ. ಸ್ವಲ್ಪ ವೇಗ ಕೂಡಿಸಿಕೊಂಡು, ಅಲೆ ಕಡಿಮೆ ಇರುವ ಜಾಗ ನೋಡಿ, ನಿಧಾನವಾಗಿ ಶುರು ಮಾಡಿ ಆಮೇಲೆ ಜಾಸ್ತಿ ತಿರುಗಿಸಿ. ಹಿಂದಕ್ಕೆ ಜಾರಲು ಶುರುವಾದರೆ ಟಿಲ್ಲರ್ (ಚುಕ್ಕಾಣಿಯ ಹಿಡಿಕೆ), ಬೂಮ್ (ಮೇನ್ ಹಾಯಿಯ ಕೆಳಗಿನ ಅಡ್ಡಕೋಲು) ಎರಡನ್ನೂ ಒಂದೇ ಕಡೆ ತಳ್ಳಿ ಹಿಡಿಯಿರಿ, ಮೂತಿ ಅದೇ ಕಡೆ ಬೀಳುತ್ತದೆ. ಗಾಳಿ ಹಾಯಿಗೆ ತುಂಬಿ ದೋಣಿ ಮುಂದಕ್ಕೆ ಹೊರಟ ಮೇಲೆ ಟಿಲ್ಲರ್ ನೇರ ಮಾಡಿ. ದಡದ ಹತ್ತಿರ ಇದು ಗೊತ್ತಿರಲೇಬೇಕು, ಇವತ್ತೇ ನಾಲ್ಕೈದು ಸಲ ಬೇಕಂತಲೇ ಮಾಡಿ ಅಭ್ಯಾಸ ಮಾಡಿಕೊಳ್ಳಿ.

ಹಾಯಿಸೂಜಿ:
ಗಂಟಿನ ಮಾತು ಒಪ್ಪುತ್ತೇನೆ, ಆದರೆ 45 ಸೆಂಟಿಮೀಟರ್ ಬಟ್ಟೆಯನ್ನು ಒಬ್ಬರೇ ಪ್ರತಿ ಸಲ ದಾಟಿಸುವುದು ಸುಸ್ತಿನ ಕೆಲಸ. ಕತ್ತರಿಸಬಹುದು. ಕತ್ತರಿಸುವ ಮೊದಲು ಹೀಗೆ ಪರೀಕ್ಷೆ ಮಾಡಿ: ಕೆಳ ಅಂಚಿನ ಮೇಲೆ, ಕಂಬದಿಂದ ಒಂದು ಗೇಣು ಮುಂದೆ, ಬಟ್ಟೆಯ ಒಂದು ಕಡೆ ಸಣ್ಣ ರಬ್ಬರ್ ಚೆಂಡು ಇಟ್ಟು ಇನ್ನೊಂದು ಕಡೆಯಿಂದ ಬಟ್ಟೆ ಸಮೇತ ಅದರ ಕುತ್ತಿಗೆಗೆ ಹಗ್ಗ ಬಿಗಿಯಿರಿ. ಅದೇ ನಿಮ್ಮ ತಾತ್ಕಾಲಿಕ ಮೂಲೆ. ಹಿಂದಿನ ಬಟ್ಟೆಯನ್ನು ಮೇಲಿನವರೆಗೂ ಸುರುಳಿ ಸುತ್ತಿ ದಾರದಿಂದ ಅಲ್ಲಲ್ಲಿ ಕಟ್ಟಿ. ತೆಳು ಗಾಳಿಯಲ್ಲಿ ಮಾತ್ರ. ಆಕಾರ ಚೆನ್ನಾಗಿ ಬರಲ್ಲ, ಆದರೆ ಟ್ಯಾಕ್ ಹೇಗಾಗುತ್ತದೆ ಅಂತ ಗೊತ್ತಾಗುತ್ತದೆ.

ಒಂದು ಲೆಕ್ಕ ನೆನಪಿರಲಿ. ಉದಾಹರಣೆಗೆ ಕೆಳ ಅಂಚು 1.75 ಮೀಟರ್ ಇದ್ದದ್ದು 1.2 ಆದರೆ ಜಿಬ್‌ನ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೋಯಿತು. ಮುಂದೆ ಎಳೆತ ಕಡಿಮೆಯಾದಾಗ ಒಟ್ಟು ಬಲ ಹಿಂದಕ್ಕೆ ಸರಿಯುತ್ತದೆ, ದೋಣಿ ತಾನಾಗಿಯೇ ಗಾಳಿಯ ಕಡೆ ತಿರುಗಲು ನೋಡುತ್ತದೆ, ಟಿಲ್ಲರ್ ಭಾರ ಅನ್ನಿಸುತ್ತದೆ. ಸ್ವಲ್ಪ ಇದ್ದರೆ ಟ್ಯಾಕ್‌ಗೆ ಒಳ್ಳೆಯದೇ. ಜಾಸ್ತಿಯಾದರೆ ಕಂಬವನ್ನು ಕೊಂಚ ಮುಂದಕ್ಕೆ ವಾಲಿಸಬೇಕು, ಅಥವಾ ತಳದಿಂದ ನೀರಿಗಿಳಿಯುವ ನಡುವಿನ ಬೋರ್ಡ್ ತಿರುಗುವಂಥದ್ದಾದರೆ ಸ್ವಲ್ಪ ಮೇಲೆತ್ತಿದರೂ ಸಾಕು, ಅದು ಹಿಂದಕ್ಕೆ ಸರಿಯುತ್ತದೆ.

ಹೊಲಿಯುವಾಗ ಹೊಸ ಹಿಂದಿನ ಅಂಚನ್ನು ನೇರ ಗೆರೆಗಿಂತ ಸ್ವಲ್ಪ ಒಳಬಾಗಿಸಿ ಕತ್ತರಿಸಿ, ಇಲ್ಲದಿದ್ದರೆ ಅಂಚು ಪಟಪಟ ಬಡಿಯುತ್ತಲೇ ಇರುತ್ತದೆ. ಮೂಲೆಗೆ ಒಂದೇ ತುಂಡು ಸಾಲದು. ಒಂದಕ್ಕಿಂತ ಒಂದು ದೊಡ್ಡದಾದ ಮೂರು ನಾಲ್ಕು ಪದರ ಹಾಕಿ, ಎಳೆತವೆಲ್ಲ ಅಲ್ಲೇ ಬೀಳುವುದು. ಬಿಸಿಲು ತಡೆಯುವ ಪಾಲಿಯೆಸ್ಟರ್ ದಾರ ಬಳಸಿ, ಹತ್ತಿ ದಾರ ಬೇಡವೇ ಬೇಡ.

ಒಂಟಿಹುಟ್ಟು:
ಚೆಂಡು ಕಟ್ಟಿ ನಿನ್ನೆ ಹೋಗಿ ಬಂದೆ. ಹನ್ನೆರಡು ಟ್ಯಾಕ್ ಮಾಡಿದೆ, ಒಂದೂ ನಿಲ್ಲಲಿಲ್ಲ! ಒಂದು ಕೈಯಲ್ಲಿ ಟಿಲ್ಲರ್, ಇನ್ನೊಂದರಲ್ಲಿ ಹಗ್ಗ, ಅಷ್ಟೇ. ಎಷ್ಟು ಖುಷಿಯಾಯಿತು ಅಂದರೆ ಸುಮ್ನೆ ಆಚೆ ಈಚೆ ಓಡಾಡುತ್ತಲೇ ಇದ್ದೆ. ಟಿಲ್ಲರ್ ಭಾರ ಸ್ವಲ್ಪ ಜಾಸ್ತಿಯಾಗಿದೆ, ಬೋರ್ಡ್ ಎತ್ತಿದಾಗ ಕಡಿಮೆಯಾಯಿತು. ಒಂದೇ ತೊಂದರೆ, ಜಿಬ್‌ನ ಮೇಲ್ಭಾಗ ಮೊದಲೇ ಸಡಿಲವಾಗಿ ನಡುಗುತ್ತದೆ, ಕೆಳಗೆ ಇನ್ನೂ ಗಾಳಿ ತುಂಬಿರುತ್ತದೆ.

ಹಾಯಿಸೂಜಿ:
ಅದು ಹಗ್ಗ ಹಾಯುವ ರಾಟೆಯ ಜಾಗದ್ದು. ಮೂಲೆ ಮುಂದಕ್ಕೆ ಬಂತು, ರಾಟೆ ಹಳೇ ಜಾಗದಲ್ಲೇ ಉಳಿಯಿತು, ಹಗ್ಗ ಕೆಳ ಅಂಚನ್ನು ಮಾತ್ರ ಎಳೆಯುತ್ತಿದೆ. ರಾಟೆಯನ್ನೂ ಮುಂದಕ್ಕೆ ಸರಿಸಿ, ಮೇಲೆ ಕೆಳಗೆ ಎರಡೂ ಒಟ್ಟಿಗೆ ನಡುಗುವವರೆಗೆ ಸ್ವಲ್ಪ ಸ್ವಲ್ಪವೇ. ಸದ್ಯಕ್ಕೆ ಹಗ್ಗದಿಂದ ಕಟ್ಟಿಡಿ, ಹೊಸ ಜಿಬ್ ಹೊಲಿದಾದ ಮೇಲೆ ಇನ್ನೊಮ್ಮೆ ನೋಡಿ ಆಗ ಸ್ಕ್ರೂ ಹಾಕಿ.