ಕಿವಿಯ ಇಂಪ್ಲಾಂಟಿನ ಪ್ರೊಸೆಸರ್ ತೆಗೆದರೆ ರಾತ್ರಿ ವಾಲುತ್ತೇನೆ, ಮೆಷಿನ್ ಕೆಟ್ಟಿದೆಯಾ?

ಪ್ರಶ್ನೆ (ದಾವಣಗೆರೆ)
ನಮಸ್ಕಾರ. ನನಗೆ 52 ವರ್ಷ. ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲಿಕ್ಕೆ ಒಳಕಿವಿಗೆ ಕೂರಿಸುವ ಮೆಷಿನ್) ಆಗಿ 14 ತಿಂಗಳಾಯ್ತು. ಹಗಲು ಏನೂ ತೊಂದರೆ ಇಲ್ಲ, ಕುಂದುವಾಡ ಕೆರೆ ಹತ್ತಿರ ದಿನಾ ವಾಕಿಂಗ್ ಹೋಗುತ್ತೇನೆ. ರಾತ್ರಿ ಪ್ರೊಸೆಸರ್, ಅಂದರೆ ಸದ್ದು ಹಿಡಿಯುವ ಹೊರಗಿನ ಭಾಗ, ತೆಗೆದು ಡಬ್ಬಿಗೆ ಹಾಕಿದ ಮೇಲೆ ಶುರು. ಬಚ್ಚಲಿಗೆ ಎದ್ದರೆ ಬಲಕ್ಕೆ ವಾಲುತ್ತೇನೆ. ಮೊನ್ನೆ ಕರೆಂಟ್ ಹೋದಾಗ ಹೊಸ್ತಿಲು ಎಡವಿ ಭುಜ ಬಾಗಿಲಿಗೆ ಬಡಿಯಿತು. ತಲೆಸುತ್ತು, ವಾಂತಿ ಇಲ್ಲ. ತುಂಬಾ ಹೆದರಿಕೆ ಆಗಿದೆ.

ಉತ್ತರ (ಚಿತ್ರದುರ್ಗ)
ಅಕ್ಕ, ನನಗೂ ಹೀಗೆ ವಾಲುವ ತೊಂದರೆ ಇದೆ. ಮೆಷಿನ್ ಮೇಲೆ ನನಗೆ ಅನುಮಾನ ಇಲ್ಲ. ಹಾಕಿಕೊಂಡ ತಕ್ಷಣ, ಇಲ್ಲವೇ ಜೋರು ಸದ್ದಿಗೆ ತಲೆ ಸುತ್ತಿದರೆ ಮ್ಯಾಪಿಂಗ್ (ಇಂಪ್ಲಾಂಟಿನ ಕರೆಂಟ್ ಎಷ್ಟಿರಬೇಕು ಎಂಬ ಹೊಂದಾಣಿಕೆ) ನೋಡಿಸಬೇಕು. ಆ ಕರೆಂಟು, ಪಕ್ಕದ ಬ್ಯಾಲೆನ್ಸ್ ನರಕ್ಕೂ ತಾಗುವುದುಂಟು. ನಿಮಗೆ ತೆಗೆದಾಗ ಆಗುತ್ತಿದೆ, ಅಲ್ವಾ?

ನಾವು ನೆಟ್ಟಗೆ ನಿಲ್ಲುವುದು ಕಣ್ಣು, ಪಾದ, ಒಳಕಿವಿ ಈ ಮೂರರ ಬಲದಿಂದ. ಕೇಳಿಸುವ ಭಾಗವೂ ಬ್ಯಾಲೆನ್ಸಿನ ಭಾಗವೂ ಒಳಕಿವಿಯಲ್ಲಿ ಅಂಟಿಕೊಂಡೇ ಇವೆ. ಕಿವುಡಿನ ಜೊತೆಗೇ ಬ್ಯಾಲೆನ್ಸ್ ಸೊರಗಿರಬಹುದು, ಆಪರೇಷನ್ನಿನಿಂದಲೂ ಸ್ವಲ್ಪ ಪೆಟ್ಟು ಬೀಳಬಹುದು. ಹಗಲು ಕಣ್ಣು ಅದನ್ನು ತುಂಬಿಕೊಡುತ್ತದೆ. ಕತ್ತಲಾದರೆ ಕಣ್ಣೂ ಇಲ್ಲ. ಕೋಟೆಯ ಬಂಡೆ ಮೇಲೆ ಮುಸ್ಸಂಜೆ ಇಳಿಯುವಾಗ ನನಗೆ ಈಗಲೂ ಹಿಡಿಯಲು ಒಂದು ಕೈ ಬೇಕು.

ಇಲ್ಲಿ ಸದ್ದಿನ ಪಾತ್ರವೂ ಇದೆ. ಒಂದೇ ಕಡೆಯಿಂದ ಬರುವ ಸದ್ದು ಗೂಟದ ಹಾಗೆ. ಮೈ ವಾಲಿದರೆ ಆ ಸದ್ದು ಜರುಗಿದ್ದು ಗೊತ್ತಾಗುತ್ತದೆ. ಓಡಾಡುವ ಆಟೋ ಸದ್ದಿನಿಂದ ಆ ಉಪಯೋಗ ಇಲ್ಲ. ಇಂಪ್ಲಾಂಟ್ ಇರುವ ಎಲ್ಲರಿಗೂ ಹೀಗಾಗುವುದಿಲ್ಲ. ಕೆಲವರಿಗೆ ಪ್ರೊಸೆಸರ್ ಹಾಕಿದಾಗ ತೂರಾಟ ಕಡಿಮೆ, ಕೆಲವರಿಗೆ ಎರಡೂ ಒಂದೇ. ಅದಕ್ಕೇ ನಿಮ್ಮದನ್ನು ನೀವೇ ನೋಡಬೇಕು.

ಗೋಡೆ ಮೂಲೆಗೆ ಬೆನ್ನು ಹಾಕಿ, ಮುಂದೆ ಕುರ್ಚಿ ಇಟ್ಟುಕೊಳ್ಳಿ. ಹಿಡಿಯಲು ಮನೆಯವರು ಇರಲೇಬೇಕು. ಪಾದ ಜೋಡಿಸಿ ಕಣ್ಣು ಮುಚ್ಚಿ 30 ಸೆಕೆಂಡ್ ನಿಲ್ಲಿ. ಮೊದಲು ಪ್ರೊಸೆಸರ್ ಇಲ್ಲದೆ, ಆಮೇಲೆ ಹಾಕಿಕೊಂಡು, ಎದುರಿಗೆ ರೇಡಿಯೋ ಹಚ್ಚಿ. ಬರಿ ನೆಲದ ಮೇಲೆ ಒಂದು ಸಲ, ನಾಲ್ಕು ಮಡಿಕೆ ಕೌದಿ ಮೇಲೆ ಇನ್ನೊಂದು ಸಲ. ಮೆತ್ತಗಿದ್ದರೆ ಪಾದಕ್ಕೆ ನೆಲದ ಸುಳಿವು ಸರಿಯಾಗಿ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು
ತಮ್ಮಾ, ಮಾಡಿದೆ. ನೆಲದ ಮೇಲೆ ವ್ಯತ್ಯಾಸ ಇಲ್ಲ. ಕೌದಿ ಮೇಲೆ ಪ್ರೊಸೆಸರ್ ಇಲ್ಲದೆ ಕಾಲ್ಬೆರಳು ಬಟ್ಟೆ ಕಚ್ಚಿ ಹಿಡಿದವು, 9 ಸೆಕೆಂಡಿಗೆ ಮಗ ತೋಳು ಹಿಡಿದ. ರೇಡಿಯೋ ಹಚ್ಚಿದಾಗ 22.

ಉತ್ತರ
ಎರಡನೇ ಸಲ ರೂಢಿಯಿಂದಲೂ ಜಾಸ್ತಿ ನಿಲ್ಲಬಹುದು. ನಾಳೆ ಮೊದಲು ರೇಡಿಯೋ, ಆಮೇಲೆ ನಿಶ್ಶಬ್ದ, ಹೀಗೆ ತಿರುಗಿಸಿ ನೋಡಿ. ಹೇಗೇ ಬರಲಿ, ಆಡಿಯಾಲಜಿಸ್ಟ್ (ಕಿವಿ ಕೇಳುವುದನ್ನು ಪರೀಕ್ಷಿಸುವ ತಜ್ಞರು) ಹತ್ತಿರ ಬ್ಯಾಲೆನ್ಸ್ ಪರೀಕ್ಷೆ ಮಾಡಿಸಿ. ವಾಲುವುದು ಕಡಿಮೆಯಾಗಲೂ ವ್ಯಾಯಾಮ ಇದೆ, ಅದನ್ನು ಹೇಳಿಕೊಡುವವರಿಂದಲೇ ಕಲಿಯಬೇಕು. ನನಗೆ ಜಾಸ್ತಿ ಗುಣ ಸಿಕ್ಕಿದ್ದು ಅದರಿಂದ. ಜ್ವರ, ಕತ್ತು ಬಿಗಿತ, ಕಿವಿ ಸೋರುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು
ತಿರುಗಿಸಿ ಮಾಡಿದೆ: ರೇಡಿಯೋ ಜೊತೆ 20, ಇಲ್ಲದೆ 11. ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಸೋಮವಾರ ತೋರಿಸುತ್ತೇನೆ. ಬಚ್ಚಲ ದಾರಿಗೆ ಬ್ಯಾಟರಿ ದೀಪ ಹಾಕಿಸಿದೆ, ಗೋಡೆಗೆ ಹಿಡಿಕೆಯನ್ನೂ.