ಪಿಡಿಎಫ್ ಬದಲಿಸಿದರೂ ಹೊರಗಿನವರಿಗೆ ಹಳೆಯದೇ ತೆರೆದುಕೊಳ್ಳುತ್ತಿದೆ

ಪುಟಪಾಲಕಿ:
ಕಂಪನಿಯ ಜಾಲತಾಣದ ವಿಷಯ ನಿರ್ವಹಣೆ ನನ್ನ ಪಾಲಿನದು. ವಾರ್ಷಿಕ ವರದಿಯ ಕೋಷ್ಟಕವೊಂದರಲ್ಲಿ ಅಂಕಿ ತಪ್ಪಿದೆ ಎಂದು ಹಣಕಾಸು ವಿಭಾಗ ತಿದ್ದಿದ ಪಿಡಿಎಫ್ ಕಳುಹಿಸಿತು. ನಿನ್ನೆ ಅದೇ ಹೆಸರಿನಲ್ಲಿ ಅಪ್‌ಲೋಡ್ ಮಾಡಿದೆ. ಕಚೇರಿಯ ಎಲ್ಲ ಕಂಪ್ಯೂಟರ್‌ಗಳಲ್ಲೂ ಹೊಸದು ಬರುತ್ತದೆ; ಮೊಬೈಲ್ ಡೇಟಾದಲ್ಲಿ ತೆರೆದರೆ ಹಳೆಯದು. ಸಿಎಂಎಸ್‌ನ (ತಾಣ ನಿರ್ವಹಿಸುವ ತಂತ್ರಾಂಶದ) ಕ್ಯಾಶ್, ಅಂದರೆ ಕೂಡಿಟ್ಟ ಪ್ರತಿಗಳನ್ನು ಅಳಿಸಿಯಾಯಿತು, ಕಂಟ್ರೋಲ್-ಎಫ್5 ಒತ್ತಿಯಾಯಿತು. ಮೇಲಿನವರು ಗಳಿಗೆಗೊಮ್ಮೆ "ಸರಿಹೋಯಿತೇ?" ಎನ್ನುತ್ತಿದ್ದಾರೆ.

ತಂತಿಬೇಲಿ:
ಕಂಟ್ರೋಲ್-ಎಫ್5 ನಿಮ್ಮ ಬ್ರೌಸರ್‌ಗೆ ಮಾತ್ರ ಮದ್ದು. ಸಿಎಂಎಸ್‌ನ ಕ್ಯಾಶ್ ಸಾಮಾನ್ಯವಾಗಿ ಪುಟಗಳದ್ದು, ಪಿಡಿಎಫ್ ಅದರೊಳಗೆ ಬರುವುದಿಲ್ಲ. ಮಧ್ಯೆ ಸಿಡಿಎನ್ (ತಾಣದ ಕಡತಗಳ ಪ್ರತಿ ಇಟ್ಟುಕೊಂಡು ಹಂಚುವ ಸರ್ವರ್‌ಗಳ ಜಾಲ) ಇದೆಯೇ? ಕಚೇರಿಯ ಒಳಜಾಲ ಅದನ್ನು ದಾಟಿ ನೇರವಾಗಿ ಮೂಲ ಸರ್ವರ್‌ಗೆ ಹೋಗುತ್ತಿರಬಹುದು. ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ, ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ 'ಡಿಸೇಬಲ್ ಕ್ಯಾಶ್' ಗುರುತು ಹಾಕಿ ಆ ಕಡತ ತೆರೆಯಿರಿ. ರೆಸ್ಪಾನ್ಸ್ ಹೆಡರ್‌ನಲ್ಲಿ (ಕಡತದ ಜೊತೆ ಸರ್ವರ್ ಕಳಿಸುವ ವಿವರಗಳಲ್ಲಿ) 'ಏಜ್', 'ಕ್ಯಾಶ್-ಕಂಟ್ರೋಲ್' ಮುಂದೆ ಏನಿದೆ, ಹೇಳಿ.

ಪುಟಪಾಲಕಿ:
ಸಿಡಿಎನ್ ಇದೆ.
ಏಜ್: 432911
ಕ್ಯಾಶ್-ಕಂಟ್ರೋಲ್: ಮ್ಯಾಕ್ಸ್-ಏಜ್=31536000

ತಂತಿಬೇಲಿ:
ಸಿಕ್ಕಿಬಿತ್ತು. ಏಜ್ ಎಂದರೆ ಆ ಪ್ರತಿ ಕ್ಯಾಶ್‌ನಲ್ಲಿ ಕುಳಿತ ಕಾಲ, ಸೆಕೆಂಡುಗಳ ಲೆಕ್ಕ: ಐದು ದಿನ ದಾಟಿದೆ. ನೀವು ಕಡತ ಬದಲಿಸಿದ್ದು ನಿನ್ನೆ. ಸಿಡಿಎನ್ ತನ್ನಲ್ಲಿದ್ದ ಹಳೆಯ ಪ್ರತಿಯನ್ನೇ ಹಂಚುತ್ತಿದೆ. ಮ್ಯಾಕ್ಸ್-ಏಜ್ ಎಂದರೆ ಪ್ರತಿಯನ್ನು ಮತ್ತೆ ಕೇಳದೆ ಬಳಸಬಹುದಾದ ಅವಧಿ; 31536000 ಎಂದರೆ ಭರ್ತಿ ಒಂದು ವರ್ಷ! ಫಾಂಟ್‌ಗಳಿಗೆ ಸರಿ, ತಿದ್ದುಪಡಿ ಕಾಣುವ ದಾಖಲೆಗಳಿಗೆ ಯಾರು ಈ ಅವಧಿ ಇಟ್ಟರೋ. ಸಿಡಿಎನ್‌ನಲ್ಲಿ ಆ ಒಂದು ವಿಳಾಸವನ್ನು ಮಾತ್ರ ಪರ್ಜ್ ಮಾಡಿಸಿ, ಅಂದರೆ ಕೂಡಿಟ್ಟ ಪ್ರತಿಯನ್ನು ತೆಗೆಸಿ. ಇಡೀ ತಾಣವನ್ನು ಪರ್ಜ್ ಮಾಡಿದರೆ ಹೊರೆಯೆಲ್ಲ ಒಮ್ಮೆಗೇ ಮೂಲ ಸರ್ವರ್ ಮೇಲೆ ಬೀಳುತ್ತದೆ.

ಅಕ್ಷರಗಾವಲು:
ಪರ್ಜ್ ಒಂದೇ ಸಾಲದು. ಈಗಾಗಲೇ ತೆರೆದವರ ಬ್ರೌಸರ್‌ಗಳಲ್ಲೂ ಪ್ರತಿ ಕುಳಿತಿದೆ; ಅವಧಿ ಮುಗಿಯುವವರೆಗೆ ಅವು ಸರ್ವರನ್ನು ಕೇಳದೆಯೇ ಹಳೆಯದನ್ನು ತೋರಿಸಬಹುದು. ಅಲ್ಲಿಗೆ ನಮ್ಮ ಕೈ ಹೋಗುವುದಿಲ್ಲ. ಕಡತಕ್ಕೆ ಬೇರೆ ಹೆಸರು ಕೊಟ್ಟು ಅಪ್‌ಲೋಡ್ ಮಾಡಿ, ಪುಟಗಳಲ್ಲಿನ ಕೊಂಡಿಗಳನ್ನೆಲ್ಲ ತಿದ್ದಿ, ಹಳೆಯ ವಿಳಾಸದಿಂದ ಹೊಸದಕ್ಕೆ ರೀಡೈರೆಕ್ಟ್ ಹಾಕಿ. ಪರ್ಜ್ ಆಮೇಲೆ.

ಪುಟಪಾಲಕಿ:
ಇದೇ ಕ್ರಮದಲ್ಲಿ ಮಾಡಿದೆ, ಮೊಬೈಲ್‌ನಲ್ಲೂ ತಿದ್ದಿದ ವರದಿ ಬರುತ್ತಿದೆ. ಇಬ್ಬರಿಗೂ ಧನ್ಯವಾದ. ಆದರೆ ಹೂಡಿಕೆದಾರರಿಗೆ ಕಳೆದ ವಾರವೇ ಹಳೆಯ ಕೊಂಡಿ ಇಮೇಲ್‌ನಲ್ಲಿ ಹೋಗಿದೆಯಲ್ಲ?

ಅಕ್ಷರಗಾವಲು:
ಇನ್ನೂ ತೆರೆಯದವರಿಗೆ ರೀಡೈರೆಕ್ಟ್ ಸಾಕು. ತೆರೆದವರಿಗಾಗಿ ಹೊಸ ಕೊಂಡಿಯೊಂದಿಗೆ ಮತ್ತೊಂದು ಇಮೇಲ್ ಹೋಗಲೇಬೇಕು. ಯಾವ ಕೋಷ್ಟಕದ ಯಾವ ಅಂಕಿ ಬದಲಾಯಿತು ಎಂಬ ಸಾಲನ್ನು ಹಣಕಾಸು ವಿಭಾಗದವರೇ ಬರೆದುಕೊಡಲಿ, ಅದನ್ನು ನೀವು ಮೈಮೇಲೆ ಎಳೆದುಕೊಳ್ಳಬೇಡಿ.