ಮಾಡೆಲ್‌ಗೂ ಮಾದರಿ, ಸ್ಯಾಂಪಲ್‌ಗೂ ಮಾದರಿ: ಏನು ಮಾಡೋಣ?

ಎಲ್ಲರಿಗೂ ನಮಸ್ಕಾರ. ರಾಜ್ಯಶಾಸ್ತ್ರದ ಒಂದು ಲೇಖನ ಬರೆಯುತ್ತಿದ್ದೇನೆ, ಒಂದೇ ಒಂದು ವಾಕ್ಯ ಮುಂದಕ್ಕೆ ಬಿಡುತ್ತಿಲ್ಲ.

ಸಂಶೋಧಕರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಪಂಚಾಯಿತಿ ಅಧ್ಯಯನ ಕೆಲವರಿಗೆ ಗೊತ್ತಿರಬಹುದು. ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದರೆ ದುಡ್ಡು ಖರ್ಚಾಗುವ ರೀತಿ ಬದಲಾಗುತ್ತದಾ ಅನ್ನೋದು ಪ್ರಶ್ನೆ. ಅವರು ಸುಮ್ನೆ ಅಂಕಿಅಂಶ ಗುಡ್ಡೆ ಹಾಕಲಿಲ್ಲ. ಮೊದಲು ಗಣಿತದಲ್ಲಿ ಒಂದು ಮಾಡೆಲ್ ಕಟ್ಟಿದರು. ಗೆದ್ದವರು ಯಾರಾದರೂ ವೋಟಿನ ಲೆಕ್ಕ ನೋಡಿಯೇ ನಡೆಯುತ್ತಾರೆ ಅನ್ನುವುದಾದರೆ ಮೀಸಲಾತಿಯಿಂದ ಏನೂ ವ್ಯತ್ಯಾಸ ಕಾಣಬಾರದು, ಗೆದ್ದವರ ಸ್ವಂತ ಒಲವೂ ಕೆಲಸ ಮಾಡುತ್ತದೆ ಅನ್ನುವುದಾದರೆ ಕಾಣಬೇಕು. ಆಮೇಲೆ ಪಶ್ಚಿಮ ಬಂಗಾಳ, ರಾಜಸ್ಥಾನದ 265 ಪಂಚಾಯಿತಿಗಳಲ್ಲಿ ಹೋಗಿ ನೋಡಿದರು. ಹೆಂಗಸರಿಗೆ ಮೀಸಲಾದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿನ ಕೆಲಸ ಎರಡೂ ರಾಜ್ಯದಲ್ಲಿ ಜಾಸ್ತಿಯಾಗಿತ್ತು. ರಸ್ತೆ ಮಾತ್ರ ಬಂಗಾಳದಲ್ಲಿ ಸುಧಾರಿಸಿತ್ತು, ರಾಜಸ್ಥಾನದಲ್ಲಿ ಹಿಂದೆ ಬಿದ್ದಿತ್ತು. ಬಂಗಾಳದಲ್ಲಿ ರಸ್ತೆ ಹೆಂಗಸರಿಗೂ ಬೇಕಿತ್ತು, ರಾಜಸ್ಥಾನದಲ್ಲಿ ಅದು ಹೆಚ್ಚಾಗಿ ಗಂಡಸರ ಬೇಡಿಕೆ. ಮಾಡೆಲ್ ಇಲ್ಲದಿದ್ದರೆ ಈ ಉಲ್ಟಾ ಫಲಿತಾಂಶ ಬರೀ ಗೊಂದಲವಾಗಿ ಕಾಣುತ್ತಿತ್ತು, ಅಲ್ವಾ?

ಈಗ ನನ್ನ ವಾಕ್ಯ ನೋಡಿ: ‘ಮಾದರಿಯ ಊಹೆಯನ್ನು ಮಾದರಿ ಪಂಚಾಯಿತಿಗಳಲ್ಲಿ ಪರೀಕ್ಷಿಸಲಾಯಿತು.’ ಮೊದಲ ಮಾದರಿ ಮಾಡೆಲ್, ಎರಡನೆಯದು ಸ್ಯಾಂಪಲ್, ಅಂದರೆ ಅಧ್ಯಯನಕ್ಕೆ ಆಯ್ದುಕೊಂಡವು. ಓದಿದವರು ಪ್ರಶಸ್ತಿ ಪಡೆದ ಪಂಚಾಯಿತಿಗಳು ಅಂದುಕೊಳ್ಳುತ್ತಾರೆ! ತಪ್ಪು ಅವರದಲ್ಲ. ಮಾದರಿ ನೀತಿ ಸಂಹಿತೆ, ಮಾದರಿ ಶಾಲೆ, ಮಾದರಿ ಸಮೀಕ್ಷೆ, ಕೊರೊನಾ ಕಾಲದ ಗಂಟಲು ದ್ರವದ ಮಾದರಿ, ಎಲ್ಲಕ್ಕೂ ಇದೊಂದೇ ಪದ. ಸ್ಯಾಂಪಲ್‌ಗೆ ‘ನಮೂನೆ’ ಅನ್ನೋಣ ಅಂದರೆ ಪಂಚಾಯಿತಿ ಅಂದ ಕೂಡಲೇ ನಮ್ಮವರಿಗೆ ನೆನಪಾಗೋದು ನಮೂನೆ 9, ನಮೂನೆ 11.

ಫಾರ್ಮಲ್ ಥಿಯರಿ, ಅಂದರೆ ಹೀಗೆ ಗಣಿತದಲ್ಲಿ ಮಾಡೆಲ್ ಕಟ್ಟಿ ತರ್ಕ ಮಾಡುವುದು, ಇನ್ನೂ ಕಷ್ಟ. ‘ಔಪಚಾರಿಕ’ ಅಂದರೆ ಶಾಲು ಹಾರ ಕಣ್ಣಮುಂದೆ ಬರುತ್ತದೆ. ರಾಜಕೀಯದ ಮಾತಿನಲ್ಲಿ ‘ಸಿದ್ಧಾಂತ’ ಅಂದರೆ ಪಕ್ಷದ ಸಿದ್ಧಾಂತ. ಎಂಪಿರಿಕಲ್‌ಗೆ, ಅಂದರೆ ಅಂಕಿಅಂಶ ನೋಡಿ ಪರೀಕ್ಷಿಸುವುದಕ್ಕೆ, ‘ಪ್ರಾಯೋಗಿಕ’ ಅಂದರೆ ಪ್ರಯೋಗ ಮಾಡಿದ್ದು ಅಂತ ಅರ್ಥ ಬರುತ್ತದೆ, ಎಲ್ಲ ಅಧ್ಯಯನವೂ ಪ್ರಯೋಗವಲ್ಲ. ‘ಅನುಭವಾತ್ಮಕ’ ಓದಿದರೆ ಬರೆದವರ ಸ್ವಂತ ಅನುಭವ ಅನ್ನಿಸುತ್ತದೆ.

ಸದ್ಯಕ್ಕೆ ಫಾರ್ಮಲ್ ಥಿಯರಿಗೆ ‘ಗಣಿತ ತರ್ಕ’, ಎಂಪಿರಿಕಲ್‌ಗೆ ‘ದತ್ತಾಂಶ ಆಧಾರಿತ’ ಅಂತ ಹಾಕಿದ್ದೇನೆ. ಮಾಡೆಲ್ ಅನ್ನು ಮಾಡೆಲ್ ಅಂತಲೇ ಬಿಟ್ಟು, ಸ್ಯಾಂಪಲ್ ಬರುವ ಕಡೆ ‘ಆಯ್ದ ಪಂಚಾಯಿತಿಗಳು’ ಅನ್ನೋದು ನನ್ನ ಒಲವು. ಕನ್ನಡ ಮಾಧ್ಯಮದಲ್ಲಿ ರಾಜ್ಯಶಾಸ್ತ್ರವನ್ನೋ ಸಂಖ್ಯಾಶಾಸ್ತ್ರವನ್ನೋ ಪಾಠ ಮಾಡುವವರು ಇಲ್ಲಿದ್ದರೆ, ಪುಸ್ತಕದ ಪದ ಬೇಡ, ಕ್ಲಾಸಿನಲ್ಲಿ ಬಾಯಿಗೆ ಬರುವ ಪದ ಯಾವುದು ಅಂತ ತಿಳಿಸಿ.